ಬೀಸಿಗೆ ತಕ್ಕ ಕಾವು

ಕೈಯಲ್ಲಿ ಹಿಡಿದು ಬೀಸುವ ಸಾಧನಗಳೆಲ್ಲಕ್ಕೂ ಎರಡು ಅಂಗಗಳಿರುತ್ತವೆ. ಒಂದು, ಕೆಲಸ ಮಾಡುವ ತಲೆ. ಇನ್ನೊಂದು, ತಲೆಯನ್ನು ಕೈಗೆ ಜೋಡಿಸುವ ಕಾವು. ಕೊಡಲಿ, ಗುದ್ದಲಿ, ಸುತ್ತಿಗೆ, ಗಾಲ್ಫ್ ಆಟದ ಕೋಲು, ಇವೆಲ್ಲವೂ ಈ ವಿಷಯದಲ್ಲಿ ಒಂದೇ ಕುಲಕ್ಕೆ ಸೇರಿದವು. ಕೊಳ್ಳುವವರು ತಲೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ; ಉಕ್ಕು ಒಳ್ಳೆಯದೇ, ಅಲಗು ಹರಿತವೇ ಎಂದು ವಿಚಾರಿಸುತ್ತಾರೆ. ಕಾವಿನ ಕಡೆಗೆ ಗಮನ ಹರಿಯುವುದು ಕಡಿಮೆ. ಆದರೆ ತಲೆಗೂ ದೇಹಕ್ಕೂ ನಡುವೆ ಇರುವ ಏಕೈಕ ಸಂಬಂಧ ಈ ಕಾವೇ ಆಗಿದೆ. ಅದು ಬೀಸುವವನ ಮೈಗೆ ಹೊಂದದಿದ್ದರೆ ಎಂತಹ ಉತ್ತಮ ತಲೆಯಾದರೂ ಅರ್ಧ ಕೆಲಸವನ್ನೇ ಮಾಡುತ್ತದೆ. ಉಳಿದ ಅರ್ಧದ ಶ್ರಮವನ್ನು ಬೀಸುವವನ ಬೆನ್ನು ಭರಿಸಬೇಕಾಗುತ್ತದೆ.

ಈ ಸತ್ಯವನ್ನು ಜಗತ್ತಿನಲ್ಲಿ ಅತ್ಯಂತ ಸೂಕ್ಷ್ಮವಾಗಿ ಅಳೆದು ನೋಡಿರುವವರು ಗಾಲ್ಫ್ ಆಟದವರು. ಹನೂರು ತಾಲ್ಲೂಕಿನ ರಾಮಾಪುರದಲ್ಲಿ ಗಾಲ್ಫ್ ಮೈದಾನವಿಲ್ಲ. ಮಲೆ ಮಹದೇಶ್ವರ ಬೆಟ್ಟಸಾಲಿನ ಮಗ್ಗುಲಿನ ಆ ಊರಿನ ಹುಡುಗನಿಗೆ ಗಾಲ್ಫ್ ಕೋಲಿನಿಂದ ಆಗಬೇಕಾದುದೇನು ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಸಿರಿವಂತರ ಆಟಕ್ಕಾಗಿ ಬೆಳೆದ ವಿಜ್ಞಾನವು ಗುದ್ದಲಿ ಹಿಡಿಯುವವರಿಗೂ ಸಲ್ಲತಕ್ಕದ್ದು ಎಂಬುದೇ ನಮ್ಮ ಅಭಿಪ್ರಾಯ. ಅದನ್ನು ಸ್ಥಾಪಿಸಲು ಮೊದಲು ಆಟದ ಕೋಲನ್ನೇ ಪರೀಕ್ಷಿಸೋಣ.

ನಮ್ಮ ನಾಡಿಗೆ ಗಾಲ್ಫ್ ಹೊಸದೇನಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ಬು ಸ್ಥಾಪಿತವಾದದ್ದು 1876ರಲ್ಲಿ. ಆ ಕಾಲದಲ್ಲಿ ಕೋಲಿನ ದಂಡವನ್ನು ಮರದಿಂದ ಮಾಡುತ್ತಿದ್ದರು. ಉತ್ತರ ಅಮೆರಿಕದ ಹಿಕರಿ ಎಂಬ ಮರಕ್ಕೆ ಅಗ್ರಸ್ಥಾನವಿತ್ತು. ಹಿಕರಿ ಗಟ್ಟಿಯಾದದ್ದು, ಬಳುಕುವಂಥದ್ದು. ಆದರೆ ಎರಡು ದೋಷಗಳುಳ್ಳದ್ದು. ಒಂದು ಮರದ ದಂಡವು ಇನ್ನೊಂದರಂತೆ ಇರುವುದಿಲ್ಲ. ಬೀಸಿದಾಗ ದಂಡವು ಬಾಗುವುದಲ್ಲದೆ ತಿರುಚಿಕೊಳ್ಳುತ್ತದೆ. ಉಕ್ಕಿನ ಕೊಳವೆಯ ದಂಡಗಳಿಗೆ ಅಮೆರಿಕದ ಗಾಲ್ಫ್ ಸಂಘವು 1924ರಲ್ಲಿಯೂ ಬ್ರಿಟನ್ನಿನ ನಿಯಮಕರ್ತರು 1929ರಲ್ಲಿಯೂ ಒಪ್ಪಿಗೆಯಿತ್ತರು. ಆದರೂ 1930ರಲ್ಲಿ ಬಾಬಿ ಜೋನ್ಸ್ ಒಂದೇ ವರ್ಷದಲ್ಲಿ ನಾಲ್ಕು ಪ್ರಮುಖ ಪಂದ್ಯಗಳನ್ನು ಗೆದ್ದದ್ದು ಹಿಕರಿ ದಂಡಗಳಿಂದಲೇ. ಮರುವರ್ಷವೇ ಅಮೆರಿಕದ ಮುಕ್ತ ಪಂದ್ಯವನ್ನು ಬಿಲ್ಲಿ ಬರ್ಕ್ ಉಕ್ಕಿನ ದಂಡದಿಂದ ಗೆದ್ದನು. 1969ರಲ್ಲಿ ಫ್ರಾಂಕ್ ಥಾಮಸ್ ಎಂಬ ಎಂಜಿನಿಯರು ಇಂಗಾಲದ ಎಳೆಗಳನ್ನು ರಾಳದಲ್ಲಿ ಬೆಸೆದು ಗ್ರಾಫೈಟ್ ದಂಡವನ್ನು ರೂಪಿಸಿದನು. ನೂರು ಗ್ರಾಂಗೂ ಮಿಕ್ಕಿ ತೂಗುತ್ತಿದ್ದ ಉಕ್ಕಿನ ದಂಡದ ಸ್ಥಾನದಲ್ಲಿ ಐವತ್ತು ಅರವತ್ತು ಗ್ರಾಂ ತೂಕದ ದಂಡಗಳು ಸಾಧ್ಯವಾದವು.

ಹೀಗೆ ಬಗೆಬಗೆಯ ದಂಡಗಳು ದೊರೆತ ಮೇಲೆ ಆಯ್ಕೆಯ ಸಮಸ್ಯೆ ಹುಟ್ಟಿತು. ತಯಾರಕರು ದಂಡದ ಬಿಗುಪನ್ನು ಅಕ್ಷರಗಳಿಂದ ಸೂಚಿಸುತ್ತಾರೆ. ಅತಿ ಮೆದುವಾದದ್ದಕ್ಕೆ ಎಲ್, ಅದಕ್ಕಿಂತ ಬಿಗಿಯಾದವುಗಳಿಗೆ ಕ್ರಮವಾಗಿ ಎ, ಆರ್, ಎಸ್, ಎಕ್ಸ್. ದೂರ ಹೊಡೆಯುವ ಡ್ರೈವರ್ ಕೋಲಿನ ತಲೆಯು ಗಂಟೆಗೆ ಸುಮಾರು 137ರಿಂದ 153 ಕಿಲೋಮೀಟರು ವೇಗದಲ್ಲಿ ಚಲಿಸುವಂತೆ ಬೀಸುವವರಿಗೆ ಆರ್, ಅಲ್ಲಿಂದ 169ರವರೆಗೆ ಎಸ್, ಅದಕ್ಕೂ ಮೀರಿದವರಿಗೆ ಎಕ್ಸ್ ಎಂಬುದು ಅಂಗಡಿಗಳಲ್ಲಿ ಬಳಕೆಯಲ್ಲಿರುವ ಸ್ಥೂಲ ನಿಯಮ. ಇದನ್ನು ಸ್ಥೂಲ ಎನ್ನಲು ಕಾರಣವಿದೆ. ಈ ಅಕ್ಷರಗಳಿಗೆ ಎಲ್ಲರೂ ಒಪ್ಪಿದ ಅಳತೆಯಿಲ್ಲ. ಒಬ್ಬ ತಯಾರಕನ ಎಸ್ ಇನ್ನೊಬ್ಬನ ಆರ್‌ನಷ್ಟೇ ಬಾಗಬಹುದು. ಕಿಲೋಗ್ರಾಂ ಎಂದರೆ ಎಲ್ಲ ಅಂಗಡಿಯಲ್ಲಿಯೂ ಒಂದೇ. ಆದರೆ ಎಸ್ ಎಂದರೆ ಅಂಗಡಿಗೊಂದು. ಇಂಥ ಅಕ್ಷರವು ಅಳತೆಯಲ್ಲ, ಬರಿಯ ಹೆಸರು. ಹೆಸರನ್ನು ಅಳತೆಯೆಂದು ಭ್ರಮಿಸಬಾರದು ಎಂಬುದು ವಿದ್ಯಾರ್ಥಿಗಳು ಗಾಲ್ಫಿನಿಂದ ಕಲಿಯಬಹುದಾದ ಮೊದಲನೆಯ ಪಾಠ.

ಹಾಗಾದರೆ ನಿಜವಾದ ಅಳತೆ ಯಾವುದು? ದಂಡದ ಹಿಡಿಯ ಕಡೆಯನ್ನು ಇಕ್ಕಳದಲ್ಲಿ ಭದ್ರವಾಗಿ ಸಿಕ್ಕಿಸಿ, ತಲೆಯ ಕಡೆಯನ್ನು ಎಳೆದು ಬಿಟ್ಟರೆ ಅದು ತೂಗಾಡುತ್ತದೆ. ಒಂದು ನಿಮಿಷಕ್ಕೆ ಎಷ್ಟು ಸಲ ತೂಗಾಡಿತೆಂದು ಎಣಿಸಬಹುದು. ಡ್ರೈವರ್ ಕೋಲಿನಲ್ಲಿ ಈ ಸಂಖ್ಯೆ ಸಾಮಾನ್ಯವಾಗಿ 230ರಿಂದ 280ರ ಆಸುಪಾಸಿನಲ್ಲಿರುತ್ತದೆ. ಬಿಗುಪು ಹೆಚ್ಚಿದಂತೆ ಸಂಖ್ಯೆ ಏರುತ್ತದೆ. ತಲೆಯ ಭಾರ ಹೆಚ್ಚಿದಂತೆ ಇಳಿಯುತ್ತದೆ. ಇದೇ ತತ್ತ್ವವನ್ನು ಶಾಲೆಯ ಮೇಜಿನ ಅಂಚಿನಲ್ಲಿ ಉಕ್ಕಿನ ಅಳತೆಪಟ್ಟಿಯೊಂದನ್ನು ಒತ್ತಿಹಿಡಿದು ಮಿಡಿದು ನೋಡುವ ಪ್ರತಿಯೊಬ್ಬ ಬಾಲಕನೂ ಬಲ್ಲನು. ಪಟ್ಟಿ ಹೊರಚಾಚಿದಷ್ಟೂ ನಿಧಾನವಾಗಿ ತೂಗುತ್ತದೆ.

ಬಾಗುವಿಕೆಯ ನಿಯಮಗಳು ಆಶ್ಚರ್ಯಕರವಾದವು. ಒಂದು ತುದಿಯನ್ನು ಬಿಗಿದ ದಂಡದ ಇನ್ನೊಂದು ತುದಿಗೆ ಭಾರವನ್ನು ತೂಗುಹಾಕಿದರೆ, ಬಾಗು ಉದ್ದದ ಘನಕ್ಕೆ ಅನುಗುಣವಾಗಿರುತ್ತದೆ. ಉದ್ದವನ್ನು ಇಮ್ಮಡಿಗೊಳಿಸಿದರೆ ಬಾಗು ಎಂಟು ಪಟ್ಟಾಗುತ್ತದೆ. ಉದ್ದದಲ್ಲಿ ಹತ್ತರಲ್ಲೊಂದು ಪಾಲನ್ನು ಕತ್ತರಿಸಿದರೆ ಬಾಗು ನೂರಕ್ಕೆ 27ರಷ್ಟು ತಗ್ಗುತ್ತದೆ. ದಪ್ಪದ ಪ್ರಭಾವ ಇನ್ನೂ ಹೆಚ್ಚು. ದುಂಡನೆಯ ಗಟ್ಟಿ ಕೋಲಿನ ವ್ಯಾಸವು ಎರಡರಷ್ಟಾದರೆ ಬಿಗುಪು ಹದಿನಾರರಷ್ಟಾಗುತ್ತದೆ. ಬಾಗುವಿಕೆಯನ್ನು ತಡೆಯುವುದು ಮುಖ್ಯವಾಗಿ ಹೊರಮೈಯ ಪದಾರ್ಥವಾದುದರಿಂದ ಒಳಗಿನ ತಿರುಳನ್ನು ತೆಗೆದುಹಾಕಿದರೆ ಹೆಚ್ಚಿನ ನಷ್ಟವಿಲ್ಲದೆ ಭಾರ ಇಳಿಯುತ್ತದೆ. ಎಂಜಿನಿಯರುಗಳು ಉಕ್ಕಿನ ಕೊಳವೆಯಲ್ಲಿ ಸಾಧಿಸಿದ ಈ ಉಪಾಯವನ್ನು ಮಹದೇಶ್ವರ ಬೆಟ್ಟದ ಹೆಬ್ಬಿದಿರು ಎಂದಿನಿಂದಲೋ ಸಾಧಿಸಿಕೊಂಡಿದೆ. ಅದರ ಗೆಣ್ಣುಗಳು ಕೊಳವೆಯು ಅಪ್ಪಚ್ಚಿಯಾಗದಂತೆ ತಡೆಯುವ ಒಳಗೋಡೆಗಳು.

ಇನ್ನು ಬೀಸಿನಲ್ಲಿ ದಂಡವು ಮಾಡುವುದಾದರೂ ಏನು? ದಂಡವು ಬಿಲ್ಲಿನಂತೆ ಹಿಂದಕ್ಕೆ ಬಾಗಿ, ಚೆಂಡನ್ನು ಮುಟ್ಟುವ ಕ್ಷಣದಲ್ಲಿ ಚಿಮ್ಮಿ, ಆ ಚಿಮ್ಮುವಿಕೆಯಿಂದಲೇ ಚೆಂಡನ್ನು ಹಾರಿಸುತ್ತದೆ ಎಂಬ ನಂಬಿಕೆ ಆಟಗಾರರಲ್ಲಿ ಬೇರೂರಿದೆ. ಲೆಕ್ಕ ಹಾಕಿ ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಚೆಂಡಿಗೂ ಕೋಲಿನ ತಲೆಗೂ ಸಂಪರ್ಕವಿರುವುದು ಸುಮಾರು ಎರಡು ಸಾವಿರದಲ್ಲೊಂದು ಸೆಕೆಂಡು ಮಾತ್ರ. ನಿಮಿಷಕ್ಕೆ 250 ಸಲ ತೂಗುವ ದಂಡಕ್ಕೆ ಒಂದು ಸಲ ತೂಗಲು ಬೇಕಾಗುವ ಕಾಲ 0.24 ಸೆಕೆಂಡು. ಎಂದರೆ ಸಂಪರ್ಕದ ಕಾಲವು ಒಂದು ತೂಗಾಟದ ಸುಮಾರು ಐನೂರರಲ್ಲೊಂದು ಪಾಲು. ಅಷ್ಟರೊಳಗೆ ದಂಡವು ಚೆಂಡಿಗೆ ಹೇಳಿಕೊಳ್ಳುವಂತಹ ಯಾವ ಸಹಾಯವನ್ನೂ ಮಾಡಲಾರದು. ಚೆಂಡಿನ ಪಾಲಿಗೆ ಆ ಕ್ಷಣದಲ್ಲಿ ತಲೆಯು ದಂಡದಿಂದ ಕಳಚಿಕೊಂಡು ಹಾರಿಬಂದ ಗುಂಡಿನಂತೆಯೇ ಸರಿ.

ದಂಡದ ಕಾರ್ಯವು ಮುಟ್ಟುವಿಕೆಗೆ ಮೊದಲೇ ಮುಗಿದಿರುತ್ತದೆ. ಬೀಸಿನ ಆರಂಭದಲ್ಲಿ ಕೈ ಮುನ್ನುಗ್ಗುತ್ತದೆ, ಭಾರವಾದ ತಲೆಯು ಜಡತ್ವದಿಂದ ಹಿಂದುಳಿಯುತ್ತದೆ. ಆದುದರಿಂದ ದಂಡವು ಹಿಂದಕ್ಕೆ ಬಾಗುತ್ತದೆ. ಬೀಸಿನ ಕೊನೆಯಲ್ಲಿ ತಲೆಯು ವೇಗವಾಗಿ ಸುತ್ತುತ್ತಿರುತ್ತದೆ. ತಲೆಯ ಗುರುತ್ವಕೇಂದ್ರವು ದಂಡದ ನೇರದಲ್ಲಿರದೆ ಒಂದು ಪಕ್ಕಕ್ಕೆ ಇರುವುದರಿಂದ, ಸುತ್ತುವಿಕೆಯು ಆ ಕೇಂದ್ರವನ್ನು ಕೈಗಳ ನೇರಕ್ಕೆ ತರಲೆಳಸುತ್ತದೆ. ದಂಡವು ಮುಂದಕ್ಕೂ ಕೆಳಕ್ಕೂ ಸ್ವಲ್ಪ ಬಾಗುತ್ತದೆ. ಇದರ ಫಲವಾಗಿ ತಲೆಯ ಮುಖವು ಚೆಂಡನ್ನು ಯಾವ ಕೋನದಲ್ಲಿ ಮುಟ್ಟುವುದೆಂಬುದು ನಿರ್ಧಾರವಾಗುತ್ತದೆ. ಚೆಂಡು ಹೊರಡುವ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೂ 200 ಮೀಟರು ದೂರದಲ್ಲಿ ಅದು ಗುರಿಯಿಂದ ಮೂರೂವರೆ ಮೀಟರು ಪಕ್ಕಕ್ಕೆ ಸರಿದಿರುತ್ತದೆ. ದಂಡದ ಬಿಗುಪನ್ನು ಬದಲಾಯಿಸಿ ನಡೆಸಿದ ಪ್ರಯೋಗಗಳಲ್ಲಿ ತಲೆಯ ವೇಗದ ಅಂತರವು ಅಲ್ಪವೆಂದೇ ಕಂಡುಬಂದಿದೆ. ಆದುದರಿಂದ ತಕ್ಕ ದಂಡವನ್ನು ಆರಿಸುವುದರ ಮುಖ್ಯ ಪ್ರಯೋಜನ ಬಲವಲ್ಲ, ಬಲವು ಪ್ರತಿ ಸಲವೂ ಒಂದೇ ದಾರಿಯಲ್ಲಿ ಹರಿಯುವಂತೆ ಮಾಡುವುದು.

ಬೀಸಿಗೂ ಸಾಧನಕ್ಕೂ ಇರುವ ಈ ಹೊಂದಾಣಿಕೆಯನ್ನು ನಮ್ಮ ಸೀಮೆಯ ಜನಕ್ಕೆ ವಿವರಿಸಲು ದೂರ ಹೋಗಬೇಕಾಗಿಲ್ಲ. ಮಹದೇಶ್ವರನ ದೇವರಗುಡ್ಡರ ಬೀಸು ಕಂಸಾಳೆಯನ್ನು ನೋಡಿರಿ. ಒಂದು ಕೈಯಲ್ಲಿ ಬಟ್ಟಲಿನಾಕಾರದ ತಾಳ. ಇನ್ನೊಂದು ಕೈಯಲ್ಲಿ ದಾರಕ್ಕೆ ಕಟ್ಟಿದ ತಾಳ. ದಾರದ ತಾಳವು ತಲೆಯ ಮೇಲೆ, ಬೆನ್ನ ಹಿಂದೆ, ಕಾಲಿನ ಅಡಿಯಲ್ಲಿ ಸುತ್ತಿ ಬಂದು ಬಟ್ಟಲನ್ನು ಸರಿಯಾದ ಲಯದಲ್ಲಿಯೇ ಮುಟ್ಟಬೇಕು. ದಾರ ನಾಲ್ಕು ಬೆರಳು ಉದ್ದವಾದರೂ ಸುತ್ತಿನ ಕಾಲ ಬದಲಾಗುತ್ತದೆ. ಮೇಳದವರೆಲ್ಲರೂ ಒಂದೇ ಹೆಜ್ಜೆಯಲ್ಲಿ ಕುಣಿಯುವಾಗ ಒಬ್ಬನ ದಾರ ಹೊಂದದಿದ್ದರೆ, ಆತನ ತಾಳ ಹಿಂದೆ ಬೀಳುತ್ತದೆ. ಬೀಸುವವನ ದೋಷವೋ ದಾರದ ದೋಷವೋ ಎಂಬುದನ್ನು ತಿಳಿಯಬೇಕಾದರೆ ದಾರವನ್ನು ಅಳೆಯಲೇಬೇಕು.

ಇಲ್ಲಿಗೆ ನಾವು ಗುದ್ದಲಿಯ ಬಳಿಗೆ ಬಂದಂತಾಯಿತು. ಗಾಲ್ಫಿನ ದಂಡ ತಪ್ಪಿದರೆ ಚೆಂಡು ಹುಲ್ಲಿಗೆ ಬೀಳುತ್ತದೆ. ಆಟಗಾರನು ಸಂಜೆ ಮನೆಗೆ ಹೋಗಿ ಅದನ್ನು ಮರೆಯುತ್ತಾನೆ. ಗುದ್ದಲಿಯ ಕಾವು ತಪ್ಪಿದರೆ? ರಾಮಾಪುರದ ಸುತ್ತಿನ ಕಲ್ಲುಮಿಶ್ರಿತ ಕೆಂಪು ನೆಲದಲ್ಲಿ ಅರಿಸಿನದ ಗೆಡ್ಡೆಯನ್ನು ಅಗೆಯುವವಳು, ಕೆರೆಯ ಹೂಳನ್ನು ಎತ್ತುವವನು, ದಿನಕ್ಕೆ ಒಂದೆರಡು ಸಲವಲ್ಲ, ನೂರಾರು ಸಲ ಬೀಸಬೇಕು. ನಿಮಿಷಕ್ಕೆ ಹತ್ತು ಏಟಿನಂತೆ ಐದು ಗಂಟೆಯ ಅಗೆತಕ್ಕೆ ಮೂರು ಸಾವಿರ ಏಟುಗಳಾದವು. ಪ್ರತಿ ಏಟಿನಲ್ಲಿ ಸೊಂಟವು ಅಗತ್ಯಕ್ಕಿಂತ ನಾಲ್ಕು ಬೆರಳಷ್ಟು ಹೆಚ್ಚು ಬಾಗಿದರೂ ಸಂಜೆಯ ವೇಳೆಗೆ ಅದರ ಲೆಕ್ಕ ಎಷ್ಟಾಗುವುದೆಂದು ಊಹಿಸಬಹುದು.

ಪೇಟೆಯಲ್ಲಿ ದೊರೆಯುವ ಸಿದ್ಧ ಗುದ್ದಲಿಗಳಿಗೆ ಸಾಮಾನ್ಯವಾಗಿ ಒಂದೆರಡು ಅಳತೆಯ ಕಾವುಗಳೇ ಇರುತ್ತವೆ. ಆದರೆ ದೇಹಗಳು ಒಂದೆರಡು ಅಳತೆಯವಲ್ಲ. ನಮ್ಮ ದೇಶದ ಗಂಡಸರ ಮತ್ತು ಹೆಂಗಸರ ಸರಾಸರಿ ಎತ್ತರಗಳ ನಡುವೆಯೇ ಸುಮಾರು 12 ಸೆಂಟಿಮೀಟರು ಅಂತರವಿದೆ. ಎತ್ತರದ ಗಂಡಸಿಗೆ ಹೊಂದುವ ಕಾವು ಕುಳ್ಳಗಿನ ಹೆಂಗಸಿಗೆ ಹೊಂದಲಾರದು. ಹಿಂದೆ ಕಮ್ಮಾರನು ಅಲಗನ್ನು ಮಾತ್ರ ಕೊಡುತ್ತಿದ್ದನು. ಕಾವನ್ನು ಅವರವರೇ ಕಾಡಿನಿಂದಲೋ ಹೊಲದ ಬದುವಿನಿಂದಲೋ ತಂದು, ತಮ್ಮ ಕೈಗೆ ತಕ್ಕಂತೆ ಕೆತ್ತಿ, ಬೆಣೆ ಹೊಡೆದು ಸೇರಿಸಿಕೊಳ್ಳುತ್ತಿದ್ದರು. ಏಟಿನ ಅದಿರನ್ನು ತಾಳುವ ದಿಂಡಿಗ, ಚೆನ್ನಾಗಿ ಬಳುಕುವ ತಡಸಲು, ಸುಲಭವಾಗಿ ಸಿಗುವ ಜಾಲಿ, ಹೀಗೆ ಮರದ ಗುಣವನ್ನು ಬಲ್ಲವರು ಹಳ್ಳಿಹಳ್ಳಿಯಲ್ಲಿದ್ದರು. ಕಾವಿನ ಉದ್ದವನ್ನು ಗಜಕಡ್ಡಿಯಿಂದಲ್ಲದೆ ಮೈಯಿಂದಲೇ ಅಳೆಯುತ್ತಿದ್ದರು. ಅಂದಿನದೆಲ್ಲವೂ ಉತ್ತಮವೆಂದು ನಾವು ವಾದಿಸುವುದಿಲ್ಲ. ಹೆಂಗಸು ಗಂಡನ ಗುದ್ದಲಿಯಲ್ಲಿಯೇ ಅಗೆಯುವುದು ಅಂದೂ ಇತ್ತು. ಆದರೆ ಕಾವು ಬೇರೆ, ಅಲಗು ಬೇರೆ, ಕಾವನ್ನು ಬೀಸುವವರೇ ಆರಿಸಬೇಕು ಎಂಬ ತಿಳಿವು ಅಂದು ಇತ್ತು. ಅಲಗಿಗೆ ಕಬ್ಬಿಣದ ಕೊಳವೆಯನ್ನು ಬೆಸೆದು ಮಾರುವ ಇಂದಿನ ರೀತಿಯಲ್ಲಿ ಆ ಆಯ್ಕೆಯೇ ಇಲ್ಲವಾಗುತ್ತಿದೆ.

ಉದ್ದವಾದ ಕಾವೇ ಸದಾ ಮೇಲೆಂದು ಯಾರೂ ತಿಳಿಯಬಾರದು. ಒಂದು ಲೆಕ್ಕವನ್ನು ನೋಡೋಣ. ಗುದ್ದಲಿಯ ಕಾವನ್ನು 75 ಸೆಂಟಿಮೀಟರಿನಿಂದ 90ಕ್ಕೆ ಏರಿಸಿದೆವೆನ್ನೋಣ. ಒಂದೇ ಕೋನವೇಗದಲ್ಲಿ ಬೀಸಿದರೆ ಅಲಗಿನ ವೇಗ ನೂರಕ್ಕೆ 20ರಷ್ಟು ಹೆಚ್ಚುತ್ತದೆ. ಬೆನ್ನು ಬಾಗುವುದೂ ಕಡಿಮೆಯಾಗುತ್ತದೆ. ಆದರೆ ಬೀಸುವಿಕೆಗೆ ಅಲಗು ಒಡ್ಡುವ ಪ್ರತಿರೋಧವು, ಎಂದರೆ ಅದರ ಜಡತ್ವ ಭ್ರಮಣಾಂಕವು, ದೂರದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಕಾವಿನ ಭಾರವನ್ನು ಗಣಿಸದಿದ್ದರೂ ನೂರಕ್ಕೆ 44ರಷ್ಟು ಹೆಚ್ಚುತ್ತದೆ. ಬಲವಿಲ್ಲದ ತೋಳಿಗೆ ಆ ಕೋನವೇಗವೇ ದಕ್ಕುವುದಿಲ್ಲ. ಹಾಗಾಗಿ ಪ್ರತಿಯೊಬ್ಬರಿಗೂ ತಮ್ಮ ಎತ್ತರ, ತೋಳಿನ ಬಲ, ಮಾಡುವ ಕೆಲಸ, ನೆಲದ ಗುಣ ಇವೆಲ್ಲಕ್ಕೆ ತಕ್ಕ ಒಂದು ಮಧ್ಯಮ ಅಳತೆಯಿರುತ್ತದೆ. ಗಾಲ್ಫಿನಲ್ಲಿಯೂ ಕೋಲನ್ನು ಮನಬಂದಷ್ಟು ಉದ್ದ ಮಾಡದಿರುವುದಕ್ಕೆ ನಿಯಮದ ಮಿತಿಯಲ್ಲದೆ ಈ ಕಾರಣವೂ ಉಂಟು.

ನಮ್ಮ ಅಭಿಪ್ರಾಯಕ್ಕೆ ಒಂದು ಪ್ರಬಲವಾದ ಆಕ್ಷೇಪಣೆ ಬರುವುದು ಸಹಜ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕೆಲಸ ಬಲ್ಲವನು ಉಪಕರಣವನ್ನು ದೂರುವುದಿಲ್ಲ. ಅಭ್ಯಾಸವಾದರೆ ಎಲ್ಲ ಕಾವೂ ಹೊಂದುತ್ತದೆ ಎಂದು ಹಿರಿಯರು ಹೇಳುತ್ತಾರೆ. ಇದರಲ್ಲಿ ಸತ್ಯವಿಲ್ಲದೆ ಇಲ್ಲ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್ ಪಂದ್ಯದಲ್ಲಿ ನಾಲ್ಕನೆಯವರಾಗಿ ನಿಂತರು. ಒಂದೇ ಏಟಿನ ಅಂತರದಲ್ಲಿ ಪದಕ ತಪ್ಪಿತು. ಆಕೆ ಅತಿ ದೂರ ಹೊಡೆಯುವವರ ಸಾಲಿಗೆ ಸೇರಿದವರಲ್ಲ. ಚೆಂಡನ್ನು ಗುಳಿಗೆ ಸೇರಿಸುವ ನಾಜೂಕಿನ ಏಟುಗಳ ಬಲದಿಂದಲೇ ಆ ಎತ್ತರಕ್ಕೆ ಏರಿದರು. ಅಭ್ಯಾಸವನ್ನು ಯಾವ ದಂಡವೂ ಕೊಂಡುಕೊಡಲಾರದು. ಹೊಸದಾಗಿ ಕಲಿಯುವವನು ಬೀಸು ನೆಲೆಗೊಳ್ಳುವ ಮೊದಲೇ ಬೆಲೆಬಾಳುವ ದಂಡಕ್ಕೆ ಹಣ ಸುರಿಯುವುದು ವ್ಯರ್ಥ.

ಆದರೆ ಗಾದೆಯು ನೆಲ ಎಂದಿಗೂ ಡೊಂಕಾಗಿರಲಾರದು ಎಂದು ಹೇಳುವುದಿಲ್ಲ. ಕೆಲವೊಮ್ಮೆ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. ಡೊಂಕೋ ಸಮವೋ ಎಂಬುದನ್ನು ನಿರ್ಧರಿಸತಕ್ಕದ್ದು ಗಾದೆಯಲ್ಲ, ರಸಮಟ್ಟ. ದೇಹವು ಹೊಂದಿಕೊಳ್ಳುತ್ತದೆ ಎಂಬುದು ನಿಜ. ಆದರೆ ಆ ಹೊಂದಾಣಿಕೆಗೆ ದೇಹವು ತೆರುವ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಬೇಕಲ್ಲವೇ? ಆಡುವವನು ಹೊಂದಿಕೊಳ್ಳಲಾರದೆ ಹೋದರೆ ಕೋಲನ್ನು ಬದಲಾಯಿಸುತ್ತಾನೆ. ಅಗೆಯುವವಳು ಹೊಂದಿಕೊಳ್ಳಲಾರದೆ ಹೋದರೆ ಕೂಲಿಯನ್ನು ಕಳೆದುಕೊಳ್ಳುತ್ತಾಳೆ. ಇವೆರಡನ್ನೂ ಒಂದೇ ಗಾದೆಯಿಂದ ತೂಗುವುದು ಅನ್ಯಾಯ.

ಉಪಕರಣವನ್ನು ಅಳೆಯುವ ಪ್ರಯತ್ನಗಳು ಹಿಂದೆ ನಡೆದಿಲ್ಲವೆಂದಲ್ಲ. ಅಮೆರಿಕದ ಬೆತ್ಲಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರೆಡರಿಕ್ ಟೇಲರ್ ಸಲಿಕೆಗಳನ್ನು ಪರೀಕ್ಷಿಸಿ, ಒಂದು ಸಲಿಕೆಗೆ ಸುಮಾರು 21 ಪೌಂಡು ಭಾರ ಬಂದರೆ ದಿನದ ಕೆಲಸ ಗರಿಷ್ಠವಾಗುವುದೆಂದು ಸಾರಿದನು. ಹಗುರವಾದ ಪದಾರ್ಥಕ್ಕೆ ಅಗಲವಾದ ಸಲಿಕೆ, ಭಾರವಾದುದಕ್ಕೆ ಕಿರಿದಾದ ಸಲಿಕೆ ಎಂದು ಏರ್ಪಡಿಸಿದನು. ಆದರೆ ಆತನ ತಕ್ಕಡಿಯಲ್ಲಿ ತೂಗಿದ್ದು ಮುಖ್ಯವಾಗಿ ಒಡೆಯನ ಲಾಭ. ನಾವು ಬಯಸುವುದು ಬೀಸುವವರ ಬೆನ್ನನ್ನೂ ತೂಗುವ ತಕ್ಕಡಿಯನ್ನು. ನಮ್ಮ ದೇಶದಲ್ಲಿಯೂ ಈ ದಿಕ್ಕಿನಲ್ಲಿ ಕೆಲಸ ನಡೆದಿದೆ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯು ವಿವಿಧ ರಾಜ್ಯಗಳ ಕೃಷಿ ಕಾರ್ಮಿಕರ, ಹೆಂಗಸರನ್ನೂ ಒಳಗೊಂಡು, ದೇಹದ ಅಳತೆಗಳನ್ನೂ ಬಲವನ್ನೂ ಸಂಗ್ರಹಿಸಿ 2009ರಲ್ಲಿ ಪ್ರಕಟಿಸಿತು. ಅಂಕಿಗಳು ಗ್ರಂಥದಲ್ಲಿವೆ, ಅವು ಊರಿನ ಅಂಗಡಿಯ ಗುದ್ದಲಿಯವರೆಗೆ ನಡೆದುಬರಬೇಕಾಗಿದೆ.

ಈ ದಾರಿಯನ್ನು ಕಿರಿದು ಮಾಡುವ ಶಕ್ತಿ ವಿದ್ಯಾರ್ಥಿಗಳಿಗೆ ಇದೆಯೆಂದು ನಾವು ದೃಢವಾಗಿ ನಂಬುತ್ತೇವೆ. ಪ್ರೌಢಶಾಲೆಯ ವಿಜ್ಞಾನ ಸಂಘವೊಂದು ಹೆಚ್ಚಿನ ವೆಚ್ಚವಿಲ್ಲದೆ ಮಾಡಬಹುದಾದ ಪ್ರಯೋಗ ಹೀಗಿದೆ. ಒಂದೇ ತೂಕದ ಮೂರು ಅಲಗುಗಳಿಗೆ ಮೂರು ಉದ್ದದ ಕಾವುಗಳನ್ನು ಸೇರಿಸಿರಿ. ಪ್ರಯೋಗಕ್ಕೆ ಒಪ್ಪಿದ ಹಿರಿಯರು ಒಂದೇ ಬಗೆಯ ನೆಲದಲ್ಲಿ ಒಂದೊಂದರಿಂದಲೂ ಹತ್ತು ನಿಮಿಷ ಅಗೆಯಲಿ. ನಡುವೆ ಸಾಕಷ್ಟು ವಿಶ್ರಾಂತಿಯಿರಲಿ. ಅಗೆದ ಗುಂಡಿಯ ಉದ್ದ, ಅಗಲ, ಆಳಗಳನ್ನು ಅಳೆಯಿರಿ. ಕೆಲಸಕ್ಕೆ ಮುಂಚೆ ಮತ್ತು ಅನಂತರ ನಾಡಿಯ ಬಡಿತವನ್ನು ಎಣಿಸಿರಿ. ಎಲ್ಲಿ ನೋವು, ಎಷ್ಟು ಆಯಾಸ ಎಂಬುದನ್ನು ಕೇಳಿ ಬರೆದುಕೊಳ್ಳಿರಿ. ಕಾವುಗಳ ಸರದಿಯನ್ನು ಬದಲಾಯಿಸಿ ಮತ್ತೊಂದು ದಿನ ಪುನಃ ಮಾಡಿರಿ. ಇಲ್ಲವಾದರೆ ಕೊನೆಯಲ್ಲಿ ಬಂದ ಕಾವಿನ ಮೇಲೆ ಮೊದಲಿನ ಕಾವುಗಳ ಆಯಾಸದ ಅಪವಾದ ಬೀಳುತ್ತದೆ. ಪ್ರತಿಯೊಬ್ಬರ ಎತ್ತರವನ್ನು ಒಂದು ಅಕ್ಷದಲ್ಲಿಯೂ ಅವರಿಗೆ ಹೊಂದಿದ ಕಾವಿನ ಉದ್ದವನ್ನು ಇನ್ನೊಂದರಲ್ಲಿಯೂ ಗುರುತಿಸಿ ನಕ್ಷೆ ಬರೆಯಿರಿ. ಇಪ್ಪತ್ತು ಮೂವತ್ತು ಜನರ ನಕ್ಷೆಯಿಂದಲೇ ಊರಿನ ಬಡಗಿಗೂ ಕಮ್ಮಾರನಿಗೂ ಉಪಯುಕ್ತವಾದ ಮಾತನ್ನು ಹೇಳಲು ಸಾಧ್ಯವಾದೀತು.

ಆಟದ ಸಾಮಗ್ರಿಗೂ ಇದೇ ನ್ಯಾಯವನ್ನು ಅನ್ವಯಿಸಬೇಕು. ಹದಿಮೂರು ವರ್ಷದ ಬಾಲಕನ ಕೈಗೆ ದೊಡ್ಡವರ ಕ್ರಿಕೆಟ್ ದಾಂಡನ್ನು ಕೊಟ್ಟು, ಆತನ ಏಟು ತಡವಾಯಿತೆಂದು ಬಯ್ಯುವ ಮೊದಲು ದಾಂಡನ್ನು ತೂಗಬೇಕು. ಗಾಲ್ಫ್ ಕಲಿಯುವ ಅವಕಾಶವಿರುವವರು ದಂಡದ ಮೇಲಿನ ಅಕ್ಷರಕ್ಕೆ ಕಾಗದ ಅಂಟಿಸಿ ಮುಚ್ಚಿ, ನಾಲ್ಕಾರು ದಂಡಗಳಿಂದ ಇಪ್ಪತ್ತಿಪ್ಪತ್ತು ಸಲ ಹೊಡೆದು, ಚೆಂಡುಗಳು ಬಿದ್ದ ಸ್ಥಳಗಳನ್ನು ಗುರುತಿಸಿ, ಅವು ಎಷ್ಟು ಒತ್ತಾಗಿ ಬಿದ್ದಿವೆ ಎಂಬುದರಿಂದ ಆಯ್ಕೆ ಮಾಡಲಿ. ಎಕ್ಸ್ ಎಂಬ ಅಕ್ಷರ ಪೌರುಷದ ಬಿರುದಲ್ಲ. ಎಲ್ ಎಂಬುದು ಅವಮಾನವೂ ಅಲ್ಲ. ಬೀಸು ಯಾರದೋ ಅವರ ಮೈಯೇ ಪ್ರಮಾಣ.

ಕೊಡಲಿಯ ಕಾವು ಕುಲಕ್ಕೆ ಮೃತ್ಯು ಎಂದು ನಮ್ಮವರು ಹೇಳುತ್ತ ಬಂದಿದ್ದಾರೆ. ಮರದ ಕಾವು ಮರಕ್ಕೇ ಹಗೆಯಾಗುವುದೆಂಬುದು ಅದರ ಭಾವ. ಹೊಂದದ ಕಾವು ಹಿಡಿದವರಿಗೇ ಹಗೆಯಾಗುತ್ತದೆ ಎಂಬ ಮಾತನ್ನೂ ಅದರ ಜೊತೆಗೆ ಸೇರಿಸಬಹುದು. ನಿಮ್ಮ ಮನೆಯಲ್ಲಿ ಗುದ್ದಲಿ ಇದ್ದರೆ ಅದರ ಕಾವನ್ನೂ, ಅದನ್ನು ಹೆಚ್ಚಾಗಿ ಹಿಡಿಯುವವರ ಎತ್ತರವನ್ನೂ ಈ ತಿಂಗಳೇ ಅಳೆಯಿರಿ. ಎರಡಕ್ಕೂ ಹೊಂದಿಕೆಯಿಲ್ಲವೆಂದು ಕಂಡುಬಂದರೆ ಬೆಣೆಯನ್ನು ಬಿಚ್ಚಿ ಹೊಸ ಕಾವನ್ನು ಹಾಕಿಸಿಕೊಡುವುದಕ್ಕೆ ಅರ್ಧ ದಿನ ಸಾಕು.